ಸಿಸೇರಿಯನ್ ಮೇಜಿನ ಮೇಲೆ ನಡುಕವೇಕೆ?

ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರನ್ನು ಆ ಹೊತ್ತಿನ ನೆನಪೇನೆಂದು ಕೇಳಿ ನೋಡಿ. ನೋವಾಗಲಿಲ್ಲ ಎನ್ನುತ್ತಾರೆ. ಮಗುವಿನ ಅಳು ಕೇಳಿಸಿತು ಎನ್ನುತ್ತಾರೆ. ಹಲವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಮೈ ಗಡಗಡ ನಡುಗುತ್ತಿತ್ತು, ಹಲ್ಲು ಕಟಕಟನೆ ಬಡಿಯುತ್ತಿತ್ತು, ತಡೆಯೋಣವೆಂದರೆ ಆಗಲಿಲ್ಲ. ಹಾಗಾದರೆ ಚಳಿಯಾಗುತ್ತಿತ್ತೇ ಎಂದು ಕೇಳಿದರೆ ಕೆಲವರಿಂದ ಬರುವ ಉತ್ತರ ವಿಚಿತ್ರವಾದುದು. ಇಲ್ಲ, ಕಾಲುಗಳು ಬೆಚ್ಚಗೇ ಇದ್ದವು!

ಈ ನಡುಕ ಅಪರೂಪದ್ದಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಕೊಡುವ ಅರಿವಳಿಕೆಗಳ ಬಗ್ಗೆ ನಡೆದಿದ್ದ 21 ಅಧ್ಯಯನಗಳನ್ನು ಕ್ರೌಲಿ ಮತ್ತು ಬಗ್ಗಿ ಎಂಬ ವೈದ್ಯರು 2008ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ನಡುಕ ತಡೆಯುವ ಮದ್ದು ಪಡೆಯದಿದ್ದವರಲ್ಲಿ ಸರಿಸುಮಾರು 55 ಶೇಕಡಾ ಮಂದಿ ನಡುಗಿದ್ದರು. ಎಂದರೆ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು. ಭಾರತದಲ್ಲಿ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ಹೆರಿಗೆಗಳಲ್ಲಿ 8.5 ಸಿಸೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 21.5ಕ್ಕೆ ಏರಿತ್ತು. ಕರ್ನಾಟಕದಲ್ಲಂತೂ 31.5. ಇವುಗಳಲ್ಲಿ ಬಹುಪಾಲು ಶಸ್ತ್ರಕ್ರಿಯೆಗಳು ನಡೆಯುವುದು ಜನ ‘ಬೆನ್ನಿಗೆ ಇಂಜೆಕ್ಷನ್’ ಎನ್ನುವ ಬೆನ್ನುಹುರಿ ಅರಿವಳಿಕೆಯಲ್ಲಿಯೇ. ಹೀಗೆ ನಡುಗಿದ ತಾಯಂದಿರ ಸಂಖ್ಯೆ ಎಷ್ಟಿರಬಹುದೆಂದು ಓದುಗರೇ ಊಹಿಸಬಹುದು.

ಇಷ್ಟು ಸಾಮಾನ್ಯವಾದ ತೊಂದರೆಗೆ ಸರಿಯಾದ ವಿವರಣೆ ದೊರೆತದ್ದು 1990ರ ದಶಕದಲ್ಲಿ. ಬೆನ್ನುಹುರಿ ಅರಿವಳಿಕೆ ಹುಟ್ಟಿದ್ದು 1898ರಲ್ಲಿ. ವಿವರಣೆಯ ಮುಖ್ಯ ಸುಳಿವು 1924ರಲ್ಲೇ ಪ್ರಕಟವಾಗಿತ್ತು. ಏಕಿಷ್ಟು ತಡ? ನಡುಕದಿಂದ ಯಾರೂ ಸಾಯುತ್ತಿರಲಿಲ್ಲ ಎಂಬುದೇ ಬಹುಶಃ ಕಾರಣ. ಸಾಯಿಸುವ ಸಂಗತಿಗಳು ಬೇರೆ ಇದ್ದವು, ವೈದ್ಯರ ಗಮನವೆಲ್ಲ ಅತ್ತ ಹರಿದಿತ್ತು.

ಕ್ಲೋರೋಫಾರ್ಮಿನಿಂದ ಸೂಜಿಯವರೆಗೆ

ಹೆರಿಗೆಯಲ್ಲಿ ಅರಿವಳಿಕೆ ಬಳಸಿದ ಮೊದಲಿಗರಲ್ಲಿ ಪ್ರಮುಖರು ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್. 1847ರ ಜನವರಿಯಲ್ಲಿ ಅವರು ಈಥರ್ ಬಳಸಿದರು, ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರ್ಮ್ ಬಳಸಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಜಾನ್ ಸ್ನೋ ಕ್ಲೋರೋಫಾರ್ಮ್ ಕೊಟ್ಟ ಮೇಲೆ ಅದಕ್ಕೆ ಸಮಾಜದ ಒಪ್ಪಿಗೆಯೂ ದೊರೆಯಿತು. ಆದರೆ ಪ್ರಜ್ಞೆ ತಪ್ಪಿಸುವ ಅರಿವಳಿಕೆಗೆ ಗರ್ಭಿಣಿಯರಲ್ಲಿ ಒಂದು ವಿಶೇಷ ಅಪಾಯವಿದೆ. ಹೊಟ್ಟೆಯಲ್ಲಿರುವ ಆಹಾರ, ಆಮ್ಲ ಮೇಲೆ ಉಕ್ಕಿ ಶ್ವಾಸಕೋಶಕ್ಕೆ ಇಳಿಯಬಹುದು. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1932ರಿಂದ 1945ರವರೆಗಿನ 44,016 ಗರ್ಭಿಣಿಯರ ದಾಖಲೆಗಳನ್ನು ಜಾಲಾಡಿ ಇಂಥ 66 ಪ್ರಸಂಗಗಳನ್ನು ಗುರುತಿಸಿದರು. 1946ರ ಅವರ ಲೇಖನದಿಂದಾಗಿ ಈ ತೊಂದರೆಗೆ ಅವರ ಹೆಸರೇ ನಿಂತಿತು.

ಪ್ರಜ್ಞೆ ತಪ್ಪಿಸದೆ, ಸೊಂಟದ ಕೆಳಗಿನ ಭಾಗವನ್ನಷ್ಟೇ ಮರಗಟ್ಟಿಸುವ ದಾರಿ ತೆರೆದದ್ದು ಜರ್ಮನಿಯ ಕೀಲ್ ನಗರದಲ್ಲಿ. ಅಲ್ಲಿ ಹೈನ್‌ರಿಕ್ ಕ್ವಿಂಕೆ 1891ರಲ್ಲಿ ಬೆನ್ನುಮೂಳೆಗಳ ನಡುವೆ ಸೂಜಿ ತೂರಿಸಿ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರತೆಗೆಯುವ ವಿಧಾನವನ್ನು ತೋರಿಸಿದ್ದರು. ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ವಿಯೆನ್ನಾದ ಕಾರ್ಲ್ ಕೋಲರ್ 1884ರಲ್ಲಿ ಕಂಡುಕೊಂಡಿದ್ದರು. ಎರಡನ್ನೂ ಜೋಡಿಸಿದವರು ಆಗಸ್ಟ್ ಬಿಯರ್. 1898ರ ಆಗಸ್ಟ್ 16ರಂದು ಕಾಲಿನ ಕ್ಷಯವಿದ್ದ ಒಬ್ಬ ಕೂಲಿಕಾರನ ಬೆನ್ನಿಗೆ ಅವರು 15 ಮಿಲಿಗ್ರಾಂ ಕೊಕೇನ್ ಚುಚ್ಚಿದರು. ಶಸ್ತ್ರಕ್ರಿಯೆ ನೋವಿಲ್ಲದೆ ಮುಗಿಯಿತು.

ಎಂಟು ದಿನಗಳ ನಂತರ ಬಿಯರ್ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್ ಪರಸ್ಪರರ ಮೇಲೆಯೇ ಪ್ರಯೋಗಕ್ಕಿಳಿದರು. ಬಿಯರ್ ಅವರ ಸರದಿಯಲ್ಲಿ ಸಿರಿಂಜು ಸೂಜಿಗೆ ಸರಿಹೊಂದದೆ ದ್ರವವೆಲ್ಲ ಸೋರಿ ಪ್ರಯೋಗ ಕೆಟ್ಟಿತು. ಹಿಲ್ಡೆಬ್ರಾಂಟ್ ಮೇಲೆ ಅದು ಫಲಿಸಿತು. ಬಿಯರ್ ಅವರ ಮೊಣಕಾಲಿನ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಬಡಿದರು, ಚರ್ಮಕ್ಕೆ ಉರಿಯುವ ಸಿಗಾರ್ ಒತ್ತಿದರು. ನೋವಿಲ್ಲ! ಆ ರಾತ್ರಿ ಇಬ್ಬರೂ ಔತಣ ಮಾಡಿದರಂತೆ. ಮರುದಿನದಿಂದ ಬಿಯರ್‌ಗೆ ತಲೆನೋವು ಹಿಡಿದು ಒಂಬತ್ತು ದಿನ ಹಾಸಿಗೆಯಲ್ಲಿ ಮಲಗಬೇಕಾಯಿತು. ಸ್ವಂತ ಮೈಯನ್ನು ಪ್ರಯೋಗಶಾಲೆ ಮಾಡಿಕೊಳ್ಳುವ ಈ ಹುಮ್ಮಸ್ಸು ಇಂದಿನ ಯಾವ ನೈತಿಕ ಸಮಿತಿಯ ಮುಂದೆಯೂ ಪಾಸಾಗಲಾರದು.

1900ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಕರ್ ಕ್ರೈಸ್ ಹೆರಿಗೆ ನೋವಿನಲ್ಲಿದ್ದ ಆರು ಸ್ತ್ರೀಯರಿಗೆ ಇದೇ ವಿಧಾನವನ್ನು ಬಳಸಿದರು. ಮುಂದಿನ ದಶಕಗಳ ಕಾಳಜಿಗಳು ಬೇರೆಯೇ ಆಗಿದ್ದವು. ಕೊಕೇನ್ ವಿಷಕಾರಿ, ಅದರ ಬದಲಿಗೆ 1900ರ ದಶಕದಲ್ಲಿ ಸ್ಟೊವೇನ್, ನೊವೊಕೇನ್ ಬಂದವು. ಮದ್ದು ಎಷ್ಟು ಎತ್ತರಕ್ಕೆ ಏರಬೇಕೆಂಬುದನ್ನು ಹತೋಟಿಯಲ್ಲಿಡಲು ಲಂಡನ್ನಿನ ಬಾರ್ಕರ್ 1907ರಲ್ಲಿ ಅದಕ್ಕೆ ಗ್ಲೂಕೋಸ್ ಬೆರೆಸಿ ಭಾರವಾಗಿಸಿದರು. ರಕ್ತದೊತ್ತಡ ಕುಸಿಯುವುದನ್ನು ತಡೆಯಲು 1920ರ ದಶಕದ ಕೊನೆಯಲ್ಲಿ ಎಫಿಡ್ರಿನ್ ಬಳಕೆಗೆ ಬಂದಿತು. ಅಷ್ಟರಲ್ಲಿ 1947ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಒಂದೇ ದಿನ ಬೆನ್ನುಹುರಿ ಅರಿವಳಿಕೆ ಪಡೆದ ವೂಲಿ ಮತ್ತು ರೋ ಎಂಬಿಬ್ಬರಿಗೆ ಎರಡೂ ಕಾಲುಗಳ ಲಕ್ವ ಹೊಡೆಯಿತು. ಮೊಕದ್ದಮೆ 1950ರ ದಶಕದವರೆಗೂ ನಡೆಯಿತು. ಬ್ರಿಟನ್ನಿನಲ್ಲಿ ಈ ವಿಧಾನಕ್ಕೆ ಬಹುಕಾಲ ಗ್ರಹಣ ಹಿಡಿಯಿತು.

ಸಾವು, ಲಕ್ವ, ತಲೆನೋವು, ರಕ್ತದೊತ್ತಡ - ಈ ಪಟ್ಟಿಯಲ್ಲಿ ನಡುಕಕ್ಕೆ ಎಲ್ಲಿ ಜಾಗ? 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಬ್ಯೂಪಿವಕೇನ್, ಕೂದಲೆಳೆಯಂಥ ತೆಳು ಸೂಜಿಗಳು ಇವೆಲ್ಲ ಕೈಗೆ ಬಂದ ಮೇಲೆ ಬೆನ್ನುಹುರಿ ಅರಿವಳಿಕೆ ಮತ್ತೆ ತಲೆಯೆತ್ತಿತು. ಅಮೆರಿಕದಲ್ಲಿ ಹಾಕಿನ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1985-90ರ ಅವಧಿಯ ಸಿಸೇರಿಯನ್‌ಗಳಲ್ಲಿ ಪೂರ್ಣ ಅರಿವಳಿಕೆಯಿಂದಾದ ಸಾವಿನ ಪ್ರಮಾಣ ಬೆನ್ನಿನ ಮೂಲಕ ಕೊಡುವ ಅರಿವಳಿಕೆಗಿಂತ ಸುಮಾರು ಹದಿನೇಳು ಪಟ್ಟು ಹೆಚ್ಚಾಗಿತ್ತು. ತಾಯಿ ಎಚ್ಚರವಾಗಿರುವುದೇ ಕ್ಷೇಮವೆಂಬುದು ಹೀಗೆ ಖಚಿತವಾಯಿತು. ಎಚ್ಚರವಾಗಿರುವ ತಾಯಿ ತಾನು ನಡುಗುವುದನ್ನೂ ಬಲ್ಲಳು.

ಹಲವು ಊಹೆಗಳು

ನಡುಕ ಕೇವಲ ಅರಿವಳಿಕೆಯ ಸೃಷ್ಟಿಯಲ್ಲ. ಯಾವ ಮದ್ದೂ ಇಲ್ಲದೆ ಸಹಜವಾಗಿ ಹೆತ್ತವರಲ್ಲಿಯೂ ಹೆರಿಗೆಯ ಬೆನ್ನಲ್ಲೇ ಅದು ಕಾಣುವುದುಂಟು. ನಮ್ಮ ಹಳ್ಳಿಯ ಸೂಲಗಿತ್ತಿಯರಿಗೆ ಇದು ಹೊಸದಲ್ಲ. ಬಾಣಂತಿಗೆ ಥಂಡಿ ತಾಕಬಾರದು, ಸನ್ನಿ ಹಿಡಿಯುತ್ತದೆ ಎಂಬ ಭಯದಿಂದ ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡವಿಟ್ಟು ಬೆಚ್ಚಗಿಡುವ ಪದ್ಧತಿ ಮನೆಮನೆಯಲ್ಲಿತ್ತು. ಹೊಗೆಯಿಂದ ಆಗುವ ಹಾನಿಯ ಮಾತು ಬೇರೆ, ಆದರೆ ಹೆತ್ತವಳ ಮೈಶಾಖವನ್ನು ಕಾಪಾಡಬೇಕೆಂಬ ಎಚ್ಚರ ಆ ಮನೆಗಳಲ್ಲಿತ್ತು. ಶಸ್ತ್ರಕ್ರಿಯೆಯ ಕೋಣೆಗೆ ಅದು ಬಂದದ್ದು ಬಹಳ ತಡವಾಗಿ.

ವೈದ್ಯರು ಕೊಟ್ಟ ಕಾರಣಗಳು ನಾನಾ ಬಗೆ. ಹೆದರಿಕೆ ಎಂಬುದು ಎಲ್ಲಕ್ಕಿಂತ ಸುಲಭದ ಉತ್ತರ. ಹೆಂಗಸರ ತೊಂದರೆಗಳಿಗೆ ಈ ಉತ್ತರ ಬಲುಬೇಗ ಸಿಗುತ್ತದೆ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿ ಅದರ ವಿರುದ್ಧ ದೇಹ ಪ್ರತಿಕ್ರಿಯಿಸುತ್ತಿರಬಹುದೇ ಎಂಬ ಪ್ರಶ್ನೆಯನ್ನು 1967ರಲ್ಲಿ ಗುಡ್ಲಿನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎತ್ತಿದರು. ಚುಚ್ಚುವ ಮದ್ದು ತಣ್ಣಗಿರುವುದರಿಂದ ಬೆನ್ನುಹುರಿಯೇ ಚಳಿಯನ್ನು ಗ್ರಹಿಸಿ ನಡುಗಿಸುತ್ತದೆ ಎಂಬುದು ಇನ್ನೊಂದು ಊಹೆ. ಪ್ರಾಣಿಗಳ ಬೆನ್ನುಹುರಿಯಲ್ಲಿ ತಾಪವನ್ನು ಅರಿಯುವ ನರಕೋಶಗಳಿರುವುದು ತಿಳಿದಿತ್ತಾದ್ದರಿಂದ ಇದು ತೀರಾ ಬುಡವಿಲ್ಲದ ಮಾತೂ ಆಗಿರಲಿಲ್ಲ. 1980ರ ದಶಕದಲ್ಲಿ ಮದ್ದನ್ನು ದೇಹತಾಪಕ್ಕೆ ಬಿಸಿಮಾಡಿ ಚುಚ್ಚಿ ನೋಡಿದವರಿದ್ದರು.

ಶೆರಿಂಗ್ಟನ್ ಕಂಡ ನಡುಕ

ಮುಖ್ಯ ಸುಳಿವು ಇದ್ದದ್ದು ಪ್ರಸೂತಿ ಗ್ರಂಥಗಳಲ್ಲಲ್ಲ, ಶರೀರಕ್ರಿಯಾ ವಿಜ್ಞಾನದ ಪತ್ರಿಕೆಯೊಂದರಲ್ಲಿ. ನರಮಂಡಲದ ಸಂಶೋಧನೆಗಾಗಿ 1932ರಲ್ಲಿ ನೊಬೆಲ್ ಪಡೆದ ಚಾರ್ಲ್ಸ್ ಶೆರಿಂಗ್ಟನ್ 1924ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬೆನ್ನುಹುರಿಯನ್ನು ಕತ್ತರಿಸಿದ ನಾಯಿಗಳ ದೇಹತಾಪ ಏನಾಗುತ್ತದೆ ಎಂಬುದು ಅದರ ವಿಷಯ. ಕತ್ತರಿಸಿದ ಜಾಗದ ಕೆಳಗೆ ಮಿದುಳಿನ ಆಜ್ಞೆ ತಲುಪದು. ಅಲ್ಲಿಂದ ಸಂವೇದನೆಯೂ ಮೇಲಕ್ಕೆ ಹೋಗದು. ನಾಯಿಯ ಹಿಂಭಾಗವನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಆ ಚಳಿ ಅದಕ್ಕೆ ತಿಳಿಯುವಂತೆಯೇ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ನಾಯಿ ನಡುಗಲಾರಂಭಿಸಿತು. ನಡುಗಿದ್ದು ಕತ್ತರಿಸಿದ ಜಾಗದ ಮೇಲಿನ ಸ್ನಾಯುಗಳು ಮಾತ್ರ. ಹಿಂಗಾಲುಗಳು ಸುಮ್ಮನಿದ್ದವು.

ಸಂವೇದನೆಯ ದಾರಿ ಕಡಿದುಹೋಗಿರುವಾಗ ಚಳಿಯ ಸುದ್ದಿ ಮಿದುಳಿಗೆ ತಲುಪಿದ್ದು ಹೇಗೆ? ತಣ್ಣಗಾದ ರಕ್ತದ ಮೂಲಕ. ಹಿಂಭಾಗದಲ್ಲಿ ತಂಪಾದ ರಕ್ತ ಹೃದಯಕ್ಕೆ ಮರಳಿ ಮಿದುಳಿಗೆ ಹರಿದಾಗ ಅಲ್ಲಿನ ತಾಪನಿಯಂತ್ರಕ ಎಚ್ಚೆತ್ತಿತು. ಮಿದುಳಿನ ತಳದಲ್ಲಿ ಇಂಥದೊಂದು ಕೇಂದ್ರವಿದೆ ಎಂಬುದಕ್ಕೆ ಪುರಾವೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಸಿಗತೊಡಗಿದ್ದವು. 1912ರಲ್ಲಿ ಹೆನ್ರಿ ಬಾರ್ಬರ್ ಮೊಲಗಳ ಮಿದುಳಿನ ಆ ಭಾಗವನ್ನೇ ನೇರವಾಗಿ ಬಿಸಿಮಾಡಿ, ತಂಪುಮಾಡಿ ದೇಹತಾಪ ಬದಲಾಗುವುದನ್ನು ತೋರಿಸಿದ್ದರು. ಇಂದು ಆ ಭಾಗವನ್ನು ಹೈಪೊಥಲಾಮಸ್ ಎಂದು ಗುರುತಿಸುತ್ತೇವೆ.

ಈಗ ಸಿಸೇರಿಯನ್ ಮೇಜನ್ನು ನೆನಪಿಸಿಕೊಳ್ಳಿ. ಮದ್ದು ಎದೆಯ ಮೊಲೆತೊಟ್ಟಿನ ಮಟ್ಟದವರೆಗೂ ಏರಿರುತ್ತದೆ. ಅದರ ಕೆಳಗೆ ಸಂವೇದನೆ ಇಲ್ಲ, ಸ್ನಾಯುಗಳು ಅಲುಗುವುದಿಲ್ಲ. ನಡುಗುವುದು ದವಡೆ, ಕುತ್ತಿಗೆ, ಭುಜ, ತೋಳು. ಬೆನ್ನುಹುರಿಯನ್ನು ಚಾಕುವಿನಿಂದ ಕತ್ತರಿಸುವ ಬದಲು ಎರಡು ಗಂಟೆಗಳ ಮಟ್ಟಿಗೆ ಮದ್ದಿನಿಂದ ಕಟ್ಟಿಹಾಕಲಾಗಿದೆ, ಅಷ್ಟೇ ವ್ಯತ್ಯಾಸ. ಶೆರಿಂಗ್ಟನ್ ಅವರ ಲೇಖನ ಮತ್ತು ಈ ದೃಶ್ಯ ಒಂದಕ್ಕೊಂದು ಎದುರಾಗಲು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಮಿದುಳಿನ ತಪ್ಪು ಲೆಕ್ಕ

ಈ ಎರಡನ್ನೂ ಜೋಡಿಸಿದ ಕೆಲಸದಲ್ಲಿ ಎದ್ದು ಕಾಣುವ ಹೆಸರು ಕ್ಯಾಲಿಫೋರ್ನಿಯಾದ ಅರಿವಳಿಕೆ ತಜ್ಞ ಡೇನಿಯಲ್ ಸೆಸ್ಲರ್ ಅವರದು. 1990ರಲ್ಲಿ ಸೆಸ್ಲರ್ ಮತ್ತು ಪೋಂಟೆ ಸ್ವಯಂಸೇವಕರಿಗೆ ಎಪಿಡ್ಯೂರಲ್ ಅರಿವಳಿಕೆ ಕೊಟ್ಟು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. (ಎಪಿಡ್ಯೂರಲ್‌ನಲ್ಲಿ ಮದ್ದು ಬೆನ್ನುಹುರಿಯ ಹೊರಪೊರೆಯ ಆಚೆಗೆ ನಿಲ್ಲುತ್ತದೆ, ಪರಿಣಾಮ ಬಹುಮಟ್ಟಿಗೆ ಒಂದೇ.) ಚಳಿಗೆ ಸಹಜವಾಗಿ ನಡುಗುವಾಗ ಸ್ನಾಯುಗಳ ಚಟುವಟಿಕೆ ನಿಮಿಷಕ್ಕೆ ನಾಲ್ಕರಿಂದ ಎಂಟು ಬಾರಿ ಅಲೆಯಂತೆ ಏರಿ ಇಳಿಯುತ್ತದೆ. ಇಲ್ಲಿಯೂ ಅದೇ ಅಲೆ ಕಂಡಿತು. ಒಳತಾಪ ಇಳಿದ ಮೇಲೆಯೇ ನಡುಕ ಬಂದಿತು. ಹಾಗಾದರೆ ಇದು ಹೆದರಿಕೆಯಲ್ಲ, ರಕ್ತದ ಒವ್ವದಿಕೆಯೂ ಅಲ್ಲ; ತಣ್ಣಗಾಗುತ್ತಿರುವ ದೇಹದ ಸಹಜ ಪ್ರತಿಕ್ರಿಯೆ.

ದೇಹ ತಣ್ಣಗಾಗುವುದಾದರೂ ಏಕೆ? ಶಸ್ತ್ರಕ್ರಿಯೆಯ ಕೋಣೆಯ ಹವಾನಿಯಂತ್ರಣವೇ ಕಾರಣವೆಂದು ಯಾರಿಗಾದರೂ ಅನ್ನಿಸುತ್ತದೆ. ಅದು ಅರ್ಧ ಸತ್ಯವೂ ಅಲ್ಲ. ನಮ್ಮ ಮೈಯಲ್ಲಿ ಶಾಖ ಒಂದೇ ಸಮನಾಗಿ ಹರಡಿರುವುದಿಲ್ಲ. ಎದೆ, ಹೊಟ್ಟೆ, ತಲೆಯ ಒಳಭಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೈಕಾಲುಗಳು ಅದಕ್ಕಿಂತ ಎರಡು ನಾಲ್ಕು ಡಿಗ್ರಿ ತಂಪು. ಚರ್ಮದ, ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿಟ್ಟು ದೇಹ ಈ ವ್ಯತ್ಯಾಸವನ್ನು ಕಾಯುತ್ತದೆ. ಬೆನ್ನುಹುರಿ ಅರಿವಳಿಕೆ ಸಂವೇದನೆಯ ನರಗಳ ಜೊತೆಗೆ ರಕ್ತನಾಳಗಳನ್ನು ಕುಗ್ಗಿಸುವ ನರಗಳನ್ನೂ ಕಟ್ಟಿಹಾಕುತ್ತದೆ. ಬಾಗಿಲು ತೆರೆದಂತೆ ಒಳಗಿನ ಬಿಸಿ ರಕ್ತ ಕಾಲುಗಳಿಗೆ ನುಗ್ಗುತ್ತದೆ. ಕಾಲು ಬೆಚ್ಚಗಾಗುತ್ತದೆ, ಒಡಲು ತಣ್ಣಗಾಗುತ್ತದೆ. ಶಾಖ ಮೈಯಿಂದ ಹೊರಗೆ ಹೋಗಿಲ್ಲ, ಸ್ಥಳ ಬದಲಿಸಿದೆ! ಮಾತ್ಸುಕಾವಾ, ಸೆಸ್ಲರ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಅಳೆದು ನೋಡಿದರು. ಎಪಿಡ್ಯೂರಲ್‌ನ ಮೊದಲ ಗಂಟೆಯಲ್ಲಿ ಒಳತಾಪ ಸುಮಾರು 0.8 ಡಿಗ್ರಿ ಇಳಿಯಿತು. ಆ ಇಳಿತದ 89 ಶೇಕಡಾ ಕೇವಲ ಈ ಸ್ಥಳಾಂತರದಿಂದ ಆದದ್ದು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಸಾಮಾನ್ಯ ಸ್ಥಿತಿಯಲ್ಲಿ ಒಳತಾಪ ಒಂದು ಹೊಸ್ತಿಲಿಗಿಂತ ಕೆಳಗಿಳಿದಾಗ ರಕ್ತನಾಳಗಳು ಕುಗ್ಗುತ್ತವೆ. ಅದಕ್ಕಿಂತ ಸುಮಾರು ಒಂದು ಡಿಗ್ರಿ ಕೆಳಗೆ ನಡುಕದ ಹೊಸ್ತಿಲು. ಈ ತೀರ್ಮಾನಕ್ಕೆ ಮಿದುಳು ರಕ್ತದ ತಾಪವನ್ನಲ್ಲದೆ ಇಡೀ ಚರ್ಮದಿಂದ ಬರುವ ವರದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಾಧಾರಣ ಕೋಣೆಯಲ್ಲಿ ನಮ್ಮ ಕಾಲಿನ ಚರ್ಮ ಸದಾ ಒಂದಿಷ್ಟು ತಂಪಿನ ಸಂಕೇತವನ್ನು ಕಳಿಸುತ್ತಲೇ ಇರುತ್ತದೆ, ನಮಗದು ಗೊತ್ತಾಗುವುದಿಲ್ಲ. ಅರಿವಳಿಕೆ ಆ ಸಂಕೇತವನ್ನು ನಿಲ್ಲಿಸಿಬಿಟ್ಟರೆ? ವರದಿ ಬಾರದಿರುವುದನ್ನು ಮಿದುಳು ‘ಸುದ್ದಿಯಿಲ್ಲ’ ಎಂದು ಓದುವುದಿಲ್ಲ, ‘ಕಾಲು ಬೆಚ್ಚಗಿದೆ’ ಎಂದು ಓದುತ್ತದೆ. ಹೀಗಾಗಿ ಅದು ಹೊಸ್ತಿಲುಗಳನ್ನು ಸುಮಾರು ಅರ್ಧ ಡಿಗ್ರಿಯಷ್ಟು ಕೆಳಗಿಳಿಸುತ್ತದೆ. ಮದ್ದು ಎಷ್ಟು ಮೇಲಕ್ಕೆ ಏರಿದೆಯೋ ಅಷ್ಟಕ್ಕೆ ಅನುಗುಣವಾಗಿ ನಡುಕದ ಹೊಸ್ತಿಲು ಇಳಿಯುತ್ತದೆ ಎಂದು ಲೆಸ್ಲಿ ಮತ್ತು ಸೆಸ್ಲರ್ 1996ರಲ್ಲಿ ತೋರಿಸಿದರು. ಸಿಸೇರಿಯನ್‌ಗೆ ಬೇಕಾದ ಮಟ್ಟ ಬಹಳ ಎತ್ತರದ್ದು. ಕಾಲಿನ ಅಥವಾ ಮೂಲವ್ಯಾಧಿಯ ಶಸ್ತ್ರಕ್ರಿಯೆಗೆ ಅಷ್ಟು ಬೇಡ.

ಎಂದರೆ ತಾಯಿ ನಡುಗಲು ಶುರು ಮಾಡುವ ಹೊತ್ತಿಗೆ ಆಕೆಯ ಒಡಲು ಸಾಮಾನ್ಯವಾಗಿ ನಡುಕ ಬರುವ ಮಟ್ಟಕ್ಕಿಂತಲೂ ತಣ್ಣಗಾಗಿರುತ್ತದೆ. ಆದರೂ ಆಕೆಗೆ ಚಳಿ ಅನ್ನಿಸದಿರಬಹುದು. ಎಪಿಡ್ಯೂರಲ್ ಪಡೆದವರಿಗೆ ಒಳತಾಪದ ಇಳಿತ ಅನುಭವಕ್ಕೆ ಬರುವುದು ತೀರಾ ಕಡಿಮೆ ಎಂದು ಗ್ಲೋಸ್ಟೆನ್ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದರು. ಚಳಿಯಾಗುತ್ತಿದೆಯೇ ಎಂದು ಕೇಳಿ, ಇಲ್ಲ ಎಂದಾಗ ಹಾಗಾದರೆ ಇದು ಬರೀ ಗಾಬರಿ ಎಂದು ತೀರ್ಮಾನಿಸಿದ ವೈದ್ಯರದ್ದೂ ತಪ್ಪೆನ್ನಲಾಗದು. ನಂಬಬಾರದ ಸಾಕ್ಷಿಯೆಂದರೆ ಇಲ್ಲಿ ಸ್ವತಃ ಚರ್ಮ. ತಾಪಮಾಪಕವನ್ನೇ ನಂಬಬೇಕಿತ್ತು, ಎಚ್ಚರವಿರುವ ರೋಗಿಯಲ್ಲಿ ಅದನ್ನು ಬಳಸುವ ರೂಢಿಯೇ ಇರಲಿಲ್ಲ.

ನಡುಕ ಸುಮ್ಮನೆ ಕಿರಿಕಿರಿ ಮಾತ್ರವೇ? ಸ್ನಾಯುಗಳು ದುಡಿಯುವಾಗ ಆಮ್ಲಜನಕದ ಬೇಡಿಕೆ ಏರುತ್ತದೆ. ಆರೋಗ್ಯವಂತ ತಾಯಿ ಅದನ್ನು ತಾಳಿಕೊಳ್ಳುತ್ತಾಳೆ. ಹೃದಯದ ಕವಾಟದ ತೊಂದರೆಯೋ ತೀವ್ರ ರಕ್ತಹೀನತೆಯೋ ಇದ್ದವಳ ಮಾತು ಬೇರೆ. ತೋಳು ಅಲುಗುತ್ತಿದ್ದರೆ ರಕ್ತದೊತ್ತಡದ ಯಂತ್ರ ಸರಿಯಾಗಿ ಓದುವುದಿಲ್ಲ, ಇಸಿಜಿ ಗೆರೆ ಹುಲ್ಲಿನಂತೆ ಕಾಣುತ್ತದೆ, ಬೆರಳಿಗೆ ಹಾಕಿದ ಆಮ್ಲಜನಕ ಮಾಪಕ ಕೂಗಿಕೊಳ್ಳುತ್ತದೆ. ರಕ್ತದೊತ್ತಡ ಕುಸಿಯುವ ಸಂಭವ ಅತಿ ಹೆಚ್ಚಿರುವ ಹೊತ್ತಿನಲ್ಲಿಯೇ ಯಂತ್ರಗಳು ಕುರುಡಾಗುವುದು ಅರಿವಳಿಕೆ ತಜ್ಞರಿಗೆ ನಿಜವಾದ ಆತಂಕ. ಅಲ್ಲದೆ ನಡುಗುವ ತೋಳಿನಲ್ಲಿ ಆಗತಾನೆ ಹುಟ್ಟಿದ ಮಗುವನ್ನು ಹಿಡಿಯಲಾಗದು.

ಬೆಳಗಾವಿ ಜಿಲ್ಲೆಯ ಇನ್ನೊಂದು ನಡುಕ

ಎಲ್ಲ ನಡುಕವೂ ಚಳಿಯದೇ ಎಂದಲ್ಲ. ಹೆರಿಗೆ ನೋವಿನಲ್ಲಿರುವವರ ನಡುಕವನ್ನು ದಾಖಲಿಸಿದ ಪಾಂಜರ್, ಸೆಸ್ಲರ್ ಮತ್ತು ಸಂಗಡಿಗರು 1999ರಲ್ಲಿ, ಅದರಲ್ಲಿ ಒಂದು ಭಾಗಕ್ಕೆ ತಾಪನಿಯಂತ್ರಣದೊಂದಿಗೆ ಸಂಬಂಧವಿಲ್ಲವೆಂದು ಕಂಡರು. ಮದ್ದಿನಿಂದ ಬರುವ ನಡುಕವೂ ಇದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಬಹುದೇ ಎಂಬುದನ್ನು ತಿಳಿಯಲು ಬೆಳಗಾವಿ ಜಿಲ್ಲೆಯ (ಆಗ ಬೆಳಗಾಂ) ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಒಂದು ಪ್ರಯೋಗ ನಡೆಯಿತು. 1,620 ಸ್ತ್ರೀಯರಿಗೆ ಕಿರಿಯ ಆರೋಗ್ಯ ಸಹಾಯಕಿಯರು ಮಾತ್ರೆಯನ್ನೋ ಹುಸಿಮದ್ದನ್ನೋ ಕೊಟ್ಟರು. ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣ 12ರಿಂದ 6.4 ಶೇಕಡಾಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಜೊತೆಗೆ ಮಾತ್ರೆ ಪಡೆದವರಲ್ಲಿ ಚಳಿ, ನಡುಕ, ಜ್ವರ ಹೆಚ್ಚಾಗಿ ಕಂಡವು.

ಈ ನಡುಕದ ಒಳಹೂರಣ ಬೇರೆ. ಮಿಸೊಪ್ರೊಸ್ಟಾಲ್ ಪ್ರಾಸ್ಟಗ್ಲಾಂಡಿನ್ ಗುಂಪಿಗೆ ಸೇರಿದ ವಸ್ತು. ಅದು ಜ್ವರದಲ್ಲಿ ಆಗುವಂತೆ ಮಿದುಳಿನ ನಿಗದಿ ತಾಪವನ್ನೇ ಮೇಲಕ್ಕೆ ಏರಿಸುತ್ತದೆ. ಆ ಎತ್ತರಕ್ಕೆ ತಲುಪಲು ದೇಹ ನಡುಗುತ್ತದೆ. ಬೆನ್ನುಹುರಿ ಅರಿವಳಿಕೆಯಲ್ಲಿ ನಿಗದಿ ಕೆಳಗಿಳಿದಿದ್ದರೂ ಒಡಲಿನ ತಾಪ ಅದಕ್ಕಿಂತ ಕೆಳಗೆ ಜಾರುತ್ತದೆ. ನೋಡುವವರಿಗೆ ಎರಡೂ ಒಂದೇ. ಸಿಸೇರಿಯನ್‌ನಲ್ಲಿ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನೂ ಬಳಸಿದಾಗ ಎರಡು ನಡುಕಗಳು ಒಬ್ಬಳೇ ತಾಯಿಯಲ್ಲಿ ಬೆರೆಯಬಹುದು. ಒಬ್ಬಳಿಗೆ ಕಂಬಳಿ ಬೇಕು. ಜ್ವರ ಏರುತ್ತಿರುವ ಇನ್ನೊಬ್ಬಳಿಗೆ ಅದೇ ಕಂಬಳಿ ಸಲ್ಲದು. ತಾಪ ಅಳೆಯದೆ ಹೇಳುವುದು ಹೇಗೆ?

ಮೊದಲು ಸೂಜಿ, ಆಮೇಲೆ ಕಂಬಳಿ

ಪರಿಹಾರದ ಕಥೆಯಲ್ಲಿ ಮದ್ದು ಮುಂದೆ, ಕಂಬಳಿ ಹಿಂದೆ. ಮೊದಲ ಮದ್ದು ಪೆಥಿಡೀನ್. ಜರ್ಮನಿಯ ರಸಾಯನಶಾಸ್ತ್ರಜ್ಞ ಓಟೊ ಐಸ್ಲೆಬ್ 1930ರ ದಶಕದ ಕೊನೆಯಲ್ಲಿ ಹೊಟ್ಟೆನುಲಿತ ಶಮನ ಮಾಡುವ, ಅಟ್ರೊಪಿನ್‌ನಂಥ ವಸ್ತುವಿಗಾಗಿ ಹುಡುಕುತ್ತಿದ್ದರು. ಅದನ್ನು ಕೊಟ್ಟ ಇಲಿಗಳ ಬಾಲ ಮಾರ್ಫಿನ್ ಕೊಟ್ಟಾಗ ಆಗುವಂತೆ ನಿಗುರಿ ನಿಂತದ್ದನ್ನು ಶೌಮನ್ ಗಮನಿಸಿದರು. ಹೀಗೆ ಸಿಕ್ಕಿದ್ದು ನೋವುನಿವಾರಕ. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಲಾಬೊರಿ ಮತ್ತು ಸಂಗಡಿಗರು ರೋಗಿಗಳನ್ನು ಬೇಕೆಂದೇ ತಣ್ಣಗಾಗಿಸಿ ಶಸ್ತ್ರಕ್ರಿಯೆ ಮಾಡುವಾಗ ಕೊಡುತ್ತಿದ್ದ ಮಿಶ್ರಣದಲ್ಲಿ ಕ್ಲೋರ್‌ಪ್ರೊಮಝೀನ್ ಜೊತೆಗೆ ಪೆಥಿಡೀನ್ ಇತ್ತು. ಶಸ್ತ್ರಕ್ರಿಯೆಯ ನಂತರದ ನಡುಕವನ್ನು ಪೆಥಿಡೀನ್ ನಿಲ್ಲಿಸುತ್ತದೆ ಎಂಬ ವರದಿಗಳು 1980ರಿಂದ ಬರತೊಡಗಿದವು. 25 ಮಿಲಿಗ್ರಾಂ ನರಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ನಡುಕ ನಿಲ್ಲುವುದು ನೋಡಲು ಜಾದೂವಿನಂತಿರುತ್ತದೆ. ಅದಕ್ಕಿಂತ ಬಲವಾದ ನೋವುನಿವಾರಕಗಳಿಗೂ ಈ ಗುಣ ಇಷ್ಟಿಲ್ಲ. 1997ರಲ್ಲಿ ಕುರ್ಜ್ ಮತ್ತು ಸಂಗಡಿಗರು ತೋರಿಸಿದಂತೆ ಪೆಥಿಡೀನ್ ನಡುಕದ ಹೊಸ್ತಿಲನ್ನು ರಕ್ತನಾಳ ಕುಗ್ಗುವ ಹೊಸ್ತಿಲಿಗಿಂತ ಎರಡರಷ್ಟು ಇಳಿಸುತ್ತದೆ. ಹಾಗೇಕೆ ಎಂಬುದು ಇನ್ನೂ ಚರ್ಚೆಯ ವಿಷಯ. 2004ರಲ್ಲಿ ಕೆನಡಾದ ವೈದ್ಯರು ಸಿಸೇರಿಯನ್‌ನಲ್ಲಿ ಬೆನ್ನಿಗೆ ಕೊಡುವ ಮದ್ದಿನ ಜೊತೆಗೇ ಸ್ವಲ್ಪ ಪೆಥಿಡೀನ್ ಬೆರೆಸಿ ನಡುಕ ಕಡಿಮೆಯಾಗುವುದನ್ನು ತೋರಿಸಿದರು.

ಭಾರತದಲ್ಲಿ ಪೆಥಿಡೀನ್ 1985ರ ಮಾದಕವಸ್ತು ಕಾಯಿದೆಯ ಬಿಗಿಯಲ್ಲಿದೆ. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಅದನ್ನು ಇಟ್ಟುಕೊಳ್ಳುವುದೇ ರಗಳೆ. ಹಾಗಾಗಿ ಇಲ್ಲಿ ಟ್ರಮಡಾಲ್ ಜನಪ್ರಿಯವಾಯಿತು. 2018ರಲ್ಲಿ ಅದನ್ನೂ ಅದೇ ಕಾಯಿದೆಯಡಿ ತರಲಾಯಿತು. ಕ್ಲೊನಿಡಿನ್, ಕೆಟಮೀನ್, ಒಂಡನ್‌ಸೆಟ್ರಾನ್, ಡೆಕ್ಸ್‌ಮೆಡಿಟೊಮಿಡಿನ್ ಎಂದು ಪ್ರಯೋಗಕ್ಕೆ ಒಳಗಾದ ಮದ್ದುಗಳ ಸಾಲು ದೊಡ್ಡದು. ಒಂದಕ್ಕೆ ವಾಂತಿ, ಇನ್ನೊಂದಕ್ಕೆ ಮಂಪರು, ಮತ್ತೊಂದಕ್ಕೆ ನಾಡಿ ಇಳಿಯುವುದು ಹೀಗೆ ಪ್ರತಿಯೊಂದಕ್ಕೂ ತನ್ನದೇ ತೆರಿಗೆಯಿದೆ. ಇವು ನಡುಕವನ್ನು ನಿಲ್ಲಿಸುತ್ತವೆಯೇ ಹೊರತು ದೇಹವನ್ನು ಬೆಚ್ಚಗಾಗಿಸುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಗಂಟೆ ಬಡಿಯುವುದು ನಿಂತಿತೆಂದರೆ ಬೆಂಕಿ ಆರಿತೆಂದಲ್ಲ.

ಬೆಚ್ಚಗಿಡುವ ಮಾತಿಗೆ ಬಲ ಬಂದದ್ದು ಬೇರೆ ಶಸ್ತ್ರಕ್ರಿಯೆಗಳಿಂದ. 1996ರಲ್ಲಿ ಕುರ್ಜ್, ಸೆಸ್ಲರ್, ಲೆನ್‌ಹಾರ್ಟ್ ದೊಡ್ಡಕರುಳಿನ ಶಸ್ತ್ರಕ್ರಿಯೆಗೆ ಒಳಗಾದ 200 ರೋಗಿಗಳನ್ನು ಹೋಲಿಸಿದರು. ಮೈ ತಣ್ಣಗಾದ ಗುಂಪಿನಲ್ಲಿ 19 ಶೇಕಡಾ ಮಂದಿಯ ಗಾಯ ಕೀವಾಯಿತು, ಬೆಚ್ಚಗಿಟ್ಟವರಲ್ಲಿ 6 ಶೇಕಡಾ ಮಾತ್ರ. ಒಳತಾಪ 36 ಡಿಗ್ರಿಗಿಂತ ಇಳಿಯಬಾರದೆಂಬುದು ಕ್ರಮೇಣ ನಿಯಮವಾಯಿತು. 2008ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ಈ ಕುರಿತು ವಿವರವಾದ ಸೂಚನೆಗಳನ್ನೂ ಹೊರಡಿಸಿತು. ಗರ್ಭಿಣಿಯರು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿದ್ದರು!

ಸಿಸೇರಿಯನ್‌ನಲ್ಲಿ ಬೆಚ್ಚಗಿಡುವುದು ಅಷ್ಟು ಸುಲಭವೂ ಅಲ್ಲ. 2002ರಲ್ಲಿ ಜರ್ಮನಿಯ ಹಾರ್ನ್ ಮತ್ತು ಸಂಗಡಿಗರು ಎಪಿಡ್ಯೂರಲ್‌ಗೆ 15 ನಿಮಿಷ ಮೊದಲೇ ತಾಯಂದಿರಿಗೆ ಬಿಸಿಗಾಳಿಯ ಹೊದಿಕೆ ಹೊದಿಸಿದರು. ಹಾಗೆ ಮಾಡಿದ 15 ಮಂದಿಯಲ್ಲಿ ಇಬ್ಬರು ನಡುಗಿದರು. ಮಾಡದ 15ರಲ್ಲಿ ಒಂಬತ್ತು ಮಂದಿ. ಬೆಚ್ಚಗಿದ್ದ ತಾಯಂದಿರ ಶಿಶುಗಳೂ ಹುಟ್ಟಿದಾಗ ಹೆಚ್ಚು ಬೆಚ್ಚಗಿದ್ದವು. ಆದರೆ 2007ರಲ್ಲಿ ಬಟ್ವಿಕ್ ಮತ್ತು ಸಂಗಡಿಗರು ಬೆನ್ನುಹುರಿ ಅರಿವಳಿಕೆಯ ನಂತರ ಕಾಲುಗಳಿಗೆ ಅದೇ ಹೊದಿಕೆ ಹಾಕಿ ನೋಡಿದಾಗ ಒಳತಾಪದ ಇಳಿತ ತಪ್ಪಲಿಲ್ಲ. ಎರಡೂ ಫಲಿತಾಂಶಗಳಿಗೆ ಕಾರಣವನ್ನು ಹಿಂದಿನ ಪುಟಗಳಲ್ಲೇ ಕಾಣಬಹುದು. ಶಾಖ ಕಾಲುಗಳಿಗೆ ನುಗ್ಗುವುದು ಮೊದಲ ಗಂಟೆಯಲ್ಲಿ, ಬೆನ್ನುಹುರಿ ಅರಿವಳಿಕೆಯಲ್ಲಂತೂ ಇನ್ನೂ ಬೇಗ. ಬಾಗಿಲು ತೆರೆಯುವ ಮೊದಲೇ ಕಾಲುಗಳು ಬೆಚ್ಚಗಿದ್ದರೆ ಹರಿದುಹೋಗಲು ಶಾಖಕ್ಕೆ ಇಳಿಜಾರೇ ಇರುವುದಿಲ್ಲ. ತೆರೆದ ಮೇಲೆ ಹೊದಿಸಿದರೆ ಕೆಲಸ ಆಗಲೇ ಕೈಮೀರಿರುತ್ತದೆ. ನರಕ್ಕೆ ಏರಿಸುವ ದ್ರವದ ಪಾಲೂ ಇದೆ. ಕೋಣೆಯ ತಾಪದಲ್ಲಿರುವ ಒಂದು ಲೀಟರ್ ದ್ರವ ಇಡೀ ದೇಹದ ಸರಾಸರಿ ತಾಪವನ್ನು ಕಾಲು ಡಿಗ್ರಿ ಇಳಿಸುತ್ತದೆ. ಸಿಸೇರಿಯನ್‌ನಲ್ಲಿ ಒಂದೆರಡು ಲೀಟರ್ ಸಾಮಾನ್ಯ. 2018ರಲ್ಲಿ ಸಿಸೇರಿಯನ್‌ಗೆಂದೇ ಬಂದ ಅಂತರರಾಷ್ಟ್ರೀಯ ಚೇತರಿಕೆ ಮಾರ್ಗಸೂಚಿಯಲ್ಲಿ ಬಿಸಿಗಾಳಿ, ಬೆಚ್ಚಗಿನ ದ್ರವ, ಕೋಣೆಯ ತಾಪ ಏರಿಸುವುದು ಮೂರೂ ಸೇರಿದವು. ನವಜಾತ ಶಿಶುವಿಗಾಗಿ ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹೇಳಿತ್ತು. ನಿಲುವಂಗಿಯೊಳಗೆ ಬೆವರುವ ಶಸ್ತ್ರತಜ್ಞರಿಗೆ ಅದು ರುಚಿಸುವುದಿಲ್ಲ, ನಿಜ.

ಅಳತೆಯ ತೊಡಕನ್ನು ಬಿಡಿಸಲು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ವೈದ್ಯರು ಹೊಸ ಉಪಾಯ ಹೂಡಿದರು. ರೇಡಿಯೋ ಸಂಕೇತ ಕಳಿಸುವ ತಾಪಮಾಪಕವಿರುವ ಗುಳಿಗೆಯನ್ನು ತಾಯಂದಿರಿಗೆ ಶಸ್ತ್ರಕ್ರಿಯೆಗೆ ಮೊದಲೇ ನುಂಗಿಸಿದರು. 2018ರಲ್ಲಿ ಪ್ರಕಟವಾದ ಅವರ ದಾಖಲೆಯಂತೆ ಬೆನ್ನುಹುರಿ ಅರಿವಳಿಕೆಯ ನಂತರ ಒಳತಾಪ ಸರಾಸರಿ 1.3 ಡಿಗ್ರಿ ಇಳಿಯಿತು. ಅತಿ ಕೆಳಗಿನ ಮಟ್ಟ ತಲುಪಿದ್ದು ಸುಮಾರು ಒಂದು ಗಂಟೆಯ ಹೊತ್ತಿಗೆ, ಎಂದರೆ ಹೊಲಿಗೆ ಮುಗಿಯುವ ಅಥವಾ ತಾಯಿಯನ್ನು ಹೊರಗೆ ಸಾಗಿಸುವ ಸಮಯಕ್ಕೆ. ಅಲ್ಲಿಂದ ಮೊದಲಿನ ತಾಪಕ್ಕೆ ಮರಳಲು ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಆ ಹೊತ್ತಿಗೆ ತಾಯಿ ವಾರ್ಡಿನಲ್ಲಿರುತ್ತಾಳೆ, ನಡುಕ ನಿಂತು ಎಷ್ಟೋ ಹೊತ್ತಾಗಿರುತ್ತದೆ.